ಕಾವಿಗೆ ಕುಳಿತ ಕೋಳಿ

ಸಂಸ್ಕೃತ ಪಾಠಶಾಲೆಯಲ್ಲಿ ವ್ಯಾಕರಣ ಕಾವ್ಯಗಳನ್ನೋದಿ, ಮುಂದೆ ಮೂವತ್ತು ವರ್ಷಗಳಿಗೂ ಮಿಕ್ಕಿ ಮಕ್ಕಳಿಗೆ ಪಾಠ ಹೇಳಿದ ಈ ಲೇಖಕನು ಕೋಳಿಗಳ ವಿಷಯವಾಗಿ ಬರೆಯಹೊರಟುದನ್ನು ಕಂಡು ವಾಚಕರಲ್ಲಿ ಕೆಲವರಿಗೆ ನಗೆ ಬರಬಹುದು. ನಮ್ಮ ಮನೆಯಲ್ಲಿ ಕೋಳಿಯನ್ನು ಸಾಕಿದವರಿಲ್ಲ. ನೆರೆಮನೆಯ ಕೋಳಿ ಬೇಲಿ ದಾಟಿ ಬಂದರೆ ಅದನ್ನು ಅಟ್ಟುವುದಷ್ಟೆ ಬಾಲ್ಯದಲ್ಲಿ ಆ ಪಕ್ಷಿಯೊಡನೆ ನಮಗಿದ್ದ ಬಳಕೆ. ಆದರೂ ಈ ಬರಹಕ್ಕೊಂದು ಕಾರಣವುಂಟು.

ಕಳೆದ ದೀಪಾವಳಿಯು ಕಳೆದು ಒಂದು ವಾರವಾಗಿರಬೇಕು. ಮಣಿಪಾಲದಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ಶಿಷ್ಯೆಯೊಬ್ಬಳು ಮನೆಗೆ ಬಂದಳು. ಅವಳ ತವರು ಕಾರ್ಕಳದ ಕಡೆಯ ಒಂದು ಹಳ್ಳಿ. ತಾಯಿ ತೀರಿಕೊಂಡು ಕೆಲವು ತಿಂಗಳುಗಳಾಗಿದ್ದುವು. ತಾಯಿ ಸಾಕಿದ್ದ ಐದಾರು ಊರಕೋಳಿಗಳಲ್ಲಿ ಒಂದು ಹೇಂಟೆಯು ಕೊಟ್ಟಿಗೆಯ ಮೂಲೆಯಲ್ಲಿದ್ದ ಹಳೆಯ ಬುಟ್ಟಿಯೊಳಗೆ ಕುಳಿತು ಮೇಲೇಳದಾಗಿತ್ತು. ಹತ್ತಿರ ಹೋದರೆ ಗರಿ ಕೆದರಿ ಕುಟುಕುತ್ತಿತ್ತು. “ಅಮ್ಮನಿದ್ದಾಗ ಇದನ್ನೆಲ್ಲ ಅವಳೇ ನೋಡಿಕೊಳ್ಳುತ್ತಿದ್ದಳು, ನಾವು ಕೇಳಿ ಕಲಿಯಲಿಲ್ಲ. ಎಷ್ಟು ಮೊಟ್ಟೆ ಇಡಬೇಕು, ಎಷ್ಟು ದಿನ ಕಾಯಬೇಕು, ಒಂದೂ ತಿಳಿಯದು. ನಿಮ್ಮ ಶಾಸ್ತ್ರಗಳಲ್ಲಿ ಇದಕ್ಕೇನಾದರೂ ಹೇಳಿದೆಯೆ?” ಎಂದು ಅವಳು ಕೇಳಿದಳು. ಅರ್ಧ ವಿನೋದದಿಂದ ಕೇಳಿದ ಪ್ರಶ್ನೆಯೇ ಆದರೂ ಅದಕ್ಕೆ ಉತ್ತರ ಕೊಡಲಾರದೆ ನಾನು ಪುಸ್ತಕಗಳನ್ನು ತೆಗೆದು ನೋಡತೊಡಗಿದೆನು. ಆ ಹುಡುಕಾಟದಿಂದ ತಿಳಿದ ಸಂಗತಿಗಳನ್ನು ಇಲ್ಲಿ ವಾಚಕರ ಮುಂದಿಡುತ್ತೇನೆ.

ಮೊದಲು ಶಬ್ದಗಳನ್ನು ನೋಡೋಣ. ಅಮರಕೋಶದ ಸಿಂಹಾದಿವರ್ಗದಲ್ಲಿ ಈ ಪಕ್ಷಿಗೆ ಕುಕ್ಕುಟ, ತಾಮ್ರಚೂಡ, ಚರಣಾಯುಧ, ಕೃಕವಾಕು ಎಂಬ ನಾಲ್ಕು ಹೆಸರುಗಳು ಬಂದಿವೆ. ತಾಮ್ರದ ಬಣ್ಣದ ಜುಟ್ಟುಳ್ಳುದು, ಕಾಲೇ ಆಯುಧವಾಗಿ ಉಳ್ಳುದು, ಕೊರಳಿನಿಂದ ಕೂಗುವುದು ಎಂಬೀ ಅರ್ಥಗಳೆಲ್ಲ ಹುಂಜಕ್ಕೇ ಒಪ್ಪುವುವು, ಹೇಂಟೆಗಲ್ಲ. ಪಾಣಿನಿಯು ಹ್ರಸ್ವ ದೀರ್ಘ ಪ್ಲುತಗಳನ್ನು ವಿಧಿಸುವಾಗ ಅಕಾರವನ್ನು ಬಿಟ್ಟು ಉಕಾರವನ್ನೇ ಏಕೆ ಎತ್ತಿಕೊಂಡನೆಂದು ನಾವು ಕೇಳಿದರೆ, ಬೆಳಗಿನ ಹುಂಜದ ಕೂಗಿನಲ್ಲಿ ಒಂದು, ಎರಡು, ಮೂರು ಮಾತ್ರೆಗಳ ಉಕಾರವು ಸ್ಪಷ್ಟವಾಗಿ ಕೇಳಿಬರುವುದರಿಂದ ಎಂದು ಗುರುಗಳು ಹೇಳುತ್ತಿದ್ದರು. ಚಾಣಕ್ಯನ ಹೆಸರಿನಲ್ಲಿರುವ ನೀತಿಶ್ಲೋಕಗಳಲ್ಲಿ ಹುಂಜದಿಂದ ಕಲಿಯತಕ್ಕ ನಾಲ್ಕು ಗುಣಗಳನ್ನು ಎಣಿಸಿದೆ. ದಂಡಿಯ ದಶಕುಮಾರಚರಿತದಲ್ಲಿ ಪ್ರಮತಿಯ ಕಥೆಯೊಳಗೆ ನಾರಿಕೇಲ, ಬಲಾಕಾ ಎಂಬ ಎರಡು ಜಾತಿಯ ಹುಂಜಗಳ ಕಾಳಗವುಂಟು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಂತೂ ಅರಸರ ವಿನೋದಗಳ ಸಾಲಿನಲ್ಲಿ ಕುಕ್ಕುಟವಿನೋದಕ್ಕೆ ಒಂದು ಪ್ರಕರಣವೇ ಮೀಸಲಾಗಿದೆ.

ನಮ್ಮ ತುಳುನಾಡಿಗೆ ಬಂದರೂ ಇದೇ ರೀತಿ. ಕೋರಿಕಟ್ಟದ ಸಲುವಾಗಿಯೇ ಇಲ್ಲಿ ‘ಕುಕ್ಕುಟ ಪಂಚಾಂಗ’ವೆಂಬುದು ಅಚ್ಚಾಗಿದೆ. ಬೊಳ್ಳೆ, ಕೆಮ್ಮೈರೆ, ಕಾವ, ಗಿಡಿಯೆ ಎಂದು ಬಣ್ಣದಿಂದ ಹುಂಜಗಳನ್ನು ವಿಂಗಡಿಸಿ, ಯಾವ ದಿನ ಯಾವ ಬಣ್ಣಕ್ಕೆ ಜಯವೆಂದು ಲೆಕ್ಕ ಹಾಕುವ ಶಾಸ್ತ್ರವದು. ಪ್ರಾಣಿಗಳನ್ನು ಕಾದಾಡಿಸುವುದು ೧೯೬೦ನೆಯ ಇಸವಿಯ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಂತೆ ಅಪರಾಧವಾದರೂ ಆ ಹೆಸರುಗಳು ಜನರ ಬಾಯಲ್ಲಿ ಇನ್ನೂ ಇವೆ. ಕಾದುವ ಹುಂಜಕ್ಕೆ ಪಂಚಾಂಗವುಂಟು, ಕಾವು ಕೊಡುವ ಹೇಂಟೆಗೆ ಒಂದು ಚೀಟಿಯೂ ಇಲ್ಲ.

ಹಾಗಾದರೆ ಹೇಂಟೆಯ ಮಾತೇ ಶಾಸ್ತ್ರದಲ್ಲಿಲ್ಲವೆ? ಎರಡು ಕಡೆ ಕಂಡೆನು, ಎರಡೂ ದೃಷ್ಟಾಂತಗಳೇ. ದೀಕ್ಷೆಯ ಭೇದಗಳನ್ನು ಹೇಳುವ ತಂತ್ರಗ್ರಂಥಗಳಲ್ಲಿ, ಮೀನು ನೋಟದಿಂದಲೂ ಆಮೆ ನೆನಹಿನಿಂದಲೂ ಪಕ್ಷಿ ಸ್ಪರ್ಶದಿಂದಲೂ ಮರಿಗಳನ್ನು ಪೋಷಿಸುವಂತೆ ಗುರುವು ಶಿಷ್ಯನನ್ನು ಬೆಳೆಯಿಸುತ್ತಾನೆಂದು ಹೇಳಿದೆ. ಅಲ್ಲಿಯೂ ಪಕ್ಷಿಯೆಂದಷ್ಟೆ ಉಂಟು, ಕೋಳಿಯ ಹೆಸರಿಲ್ಲ. ಇನ್ನೊಂದು ಅರ್ಧಕುಕ್ಕುಟೀ ನ್ಯಾಯ. ಕೋಳಿಯ ಅರ್ಧವನ್ನು ಅಡುಗೆಗೆ ತೆಗೆದುಕೊಂಡು ಉಳಿದರ್ಧವು ಮೊಟ್ಟೆಯಿಡುತ್ತಿರಲಿ ಎಂದು ಬಯಸುವವನ ಅವಿವೇಕವನ್ನು ತೋರಿಸಲು, ಪರಮತದ ಒಂದಂಶವನ್ನೊಪ್ಪಿ ಇನ್ನೊಂದನ್ನು ಬಿಡುವ ವಾದಿಯನ್ನು ಹಳಿಯುವಾಗ, ಶಾಸ್ತ್ರಕಾರರು ಈ ನ್ಯಾಯವನ್ನು ಬಳಸುತ್ತಾರೆ. ಈ ನ್ಯಾಯವನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ಮುಂದೆ ಇದರಿಂದ ಪ್ರಯೋಜನವಿದೆ.

ಕನ್ನಡ ಕಾವ್ಯದಲ್ಲಿ ಕೋಳಿಯೆಂದೊಡನೆ ನೆನಪಾಗುವುದು ಜನ್ನನು ೧೨೦೯ರಲ್ಲಿ ರಚಿಸಿದ ಯಶೋಧರಚರಿತೆ. ದುಃಸ್ವಪ್ನದ ಶಾಂತಿಗಾಗಿ ತಾಯಿಯ ಮಾತಿಗೆ ಕಟ್ಟುಬಿದ್ದು ಯಶೋಧರನು ಚಂಡಮಾರಿಗೆ ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಜೀವವಿಲ್ಲದ ಆ ಕೋಳಿಯನ್ನು ಕಡಿದ ಸಂಕಲ್ಪಹಿಂಸೆಯೊಂದರಿಂದಲೇ ತಾಯಿಮಕ್ಕಳು ಹಲವು ತಿರ್ಯಗ್ಜನ್ಮಗಳನ್ನು ತೊಳಲಿ, ಕಡೆಗೆ ತಾವೇ ಕೋಳಿಗಳಾಗಿ ಹುಟ್ಟಿ ಸಾಯುತ್ತಾರೆ. ೧೪೩೨ರಲ್ಲಿ ವೀರಪಾಂಡ್ಯ ಭೈರರಸನು ಬಾಹುಬಲಿಯ ಮೂರ್ತಿಯನ್ನು ನಿಲ್ಲಿಸಿದ ಕಾರ್ಕಳದಂತಹ ಜೈನಸೀಮೆಯಲ್ಲಿ ಈ ಕಥೆಯ ಅಹಿಂಸಾತತ್ತ್ವಕ್ಕೆ ವಿಶೇಷ ಬೆಲೆಯಿದ್ದಿರಲೇಬೇಕು. ಅಲ್ಲಿಂದ ಹೆಚ್ಚು ದೂರವಲ್ಲದ ಕಾಪುವಿನ ಮಾರಿಗುಡಿಗಳಲ್ಲಿಯಾದರೋ ಸುಗ್ಗಿ, ಆಟಿ, ಜಾರ್ದೆ ಎಂದು ವರ್ಷಕ್ಕೆ ಮೂರು ಬಾರಿ ನಡೆಯುವ ಮಾರಿಪೂಜೆಗೆ ಜನರು ಕೋಳಿಗಳ ಹರಕೆಯನ್ನೊಪ್ಪಿಸುವುದು ಬಹುಕಾಲದ ರೂಢಿ. ಕೊಲ್ಲಬಾರದೆಂದವರೂ ಹರಕೆ ಹೊತ್ತವರೂ ಒಂದೇ ಸೀಮೆಯಲ್ಲಿ ನೆರೆಹೊರೆಯಾಗಿ ಬಾಳಿದ್ದಾರೆ. ಯಾರ ಪಕ್ಷ ಸರಿಯೆಂದು ತೀರ್ಮಾನಿಸುವುದು ಈ ಲೇಖನದ ಉದ್ದೇಶವಲ್ಲ. ಎರಡು ಕಡೆಯೂ ಕೋಳಿ ಸಾಯುವ ಗಳಿಗೆಗೆ ಸಿಕ್ಕಿದ ಗಮನವು ಅದು ಹುಟ್ಟುವ ಗಳಿಗೆಗೆ ಸಿಕ್ಕಲಿಲ್ಲವೆಂಬುದೇ ನಾನು ಹೇಳಬೇಕಾದುದು.

ಈ ಪಕ್ಷಿ ನಮ್ಮದಾದುದು ಹೇಗೆ? ಊರಕೋಳಿಗಳೆಲ್ಲವೂ ಕೆಂಪು ಕಾಡುಕೋಳಿಯೊಂದರಿಂದಲೇ ಬಂದುವೆಂದು ಡಾರ್ವಿನನು ೧೮೬೮ರಲ್ಲಿ ಪ್ರತಿಪಾದಿಸಿದನು. ಅದು ಬಹ್ವಂಶದಲ್ಲಿ ನಿಜವೇ ಆಯಿತು. ೨೦೨೦ರಲ್ಲಿ ಪ್ರಕಟವಾದ ವಂಶವಾಹಿಗಳ ಪರೀಕ್ಷೆಯು ಚೀನದ ನೈರುತ್ಯಭಾಗ, ಬರ್ಮಾ, ಥಾಯ್ಲೆಂಡುಗಳ ಕೆಂಪು ಕಾಡುಕೋಳಿಯನ್ನು ಮೂಲವೆಂದು ತೋರಿಸಿದೆ. ಆದರೆ ಹಳದಿಕಾಲಿನ ಊರಕೋಳಿಯಲ್ಲಿ ಆ ಹಳದಿಬಣ್ಣಕ್ಕೆ ಕಾರಣವಾದ ಅಂಶವು ದಕ್ಷಿಣಭಾರತದ ಬೂದುಬಣ್ಣದ ಕಾಡುಕೋಳಿಯಿಂದ ಬಂದುದೆಂದು ೨೦೦೮ರಲ್ಲಿ ತಿಳಿದುಬಂದಿತು. ಕಾರ್ಕಳದ ಮೂಡಣಕ್ಕೆ ಘಟ್ಟದ ಕಾಡುಗಳಲ್ಲಿ ಮುಂಜಾನೆ ಕೂಗುವುದು ಇದೇ ಕಾಡುಕೋಳಿ. ಲೋಕದ ಹಳದಿಕಾಲಿನ ಕೋಳಿಗಳೆಲ್ಲ ನಮ್ಮ ದಕ್ಷಿಣದ ಕಾಡಿಗೆ ಅಷ್ಟುಮಟ್ಟಿಗೆ ಋಣಿಗಳೆಂದಾಯಿತು. ಹೆಸರಿನಲ್ಲಿಯೂ ಪ್ರಾಚೀನತೆಯುಂಟು. ಹಳಗನ್ನಡದ ಕೋೞಿಯು ಹೊಸಗನ್ನಡದಲ್ಲಿ ಕೋಳಿಯಾಗಿ, ತುಳುವಿನಲ್ಲಿ ಕೋರಿಯಾಗಿ ನಿಂತಿದೆ. ತುಳುವಿನ ಪೂಂಜವೂ ನಮ್ಮ ಹುಂಜವೂ ಒಂದೇ. ಈ ಭಾಷೆಗಳು ಬೇರೆ ಬೇರೆಯಾಗುವ ಮೊದಲೇ ನಮ್ಮವರ ಅಂಗಳದಲ್ಲಿ ಈ ಹಕ್ಕಿಯ ಹೆಸರು ಇದ್ದಿತು.

ಪುಸ್ತಕಗಳಲ್ಲಿ ಉತ್ತರ ದೊರೆಯದೆ, ಪರಿಚಿತರೊಬ್ಬರ ಮಾತಿನಂತೆ ನಾನೂ ಆ ಶಿಷ್ಯೆಯೂ ಕಾಪುವಿನ ಸಮೀಪದಲ್ಲಿರುವ, ಎಂಬತ್ತು ದಾಟಿದ ಒಬ್ಬ ವೃದ್ಧೆಯ ಬಳಿಗೆ ಹೋದೆವು. ಆಕೆಗೆ ಓದುಬರೆಹವಿಲ್ಲ. ಹತ್ತು ಹನ್ನೆರಡರ ವಯಸ್ಸಿನಿಂದಲೇ ಕೋಳಿಗಳನ್ನು ಕಾವಿಗೆ ಕುಳ್ಳಿರಿಸಿದವಳು. ಆಕೆ ಹೇಳಿದುದನ್ನು ಬರೆದುಕೊಂಡು, ಅನಂತರ ಪಶುವೈದ್ಯರೊಬ್ಬರಲ್ಲಿ ವಿಚಾರಿಸಿ ತಿಳಿದುದನ್ನು ಅದರೊಡನೆ ಕೂಡಿಸಿ ಇಲ್ಲಿ ಕೊಡುತ್ತೇನೆ.

ಹೇಂಟೆಯು ದಿನಕ್ಕೊಂದರಂತೆ, ನಡುವೆ ಒಂದೆರಡು ದಿನ ಬಿಟ್ಟು, ಮೊಟ್ಟೆಯಿಡುತ್ತದೆ. ಹನ್ನೆರಡು ಹದಿನೈದು ಆದೊಡನೆ ಅದರ ಸ್ವಭಾವ ಬದಲಾಗುತ್ತದೆ: ಗೂಡು ಬಿಡುವುದಿಲ್ಲ, ದನಿ ಬೇರೆಯಾಗುತ್ತದೆ, ಎದೆಯ ಗರಿ ಉದುರಿ ಬರಿಯ ಚರ್ಮವು ಮೊಟ್ಟೆಗೆ ತಾಗುತ್ತದೆ. ಕನ್ನಡದಲ್ಲಿ ಕಾಯುವುದೆಂದರೆ ಬಿಸಿಯಾಗುವುದೂ ಹೌದು, ರಕ್ಷಿಸುವುದೂ ಹೌದು. ಇವು ಬೇರೆ ಬೇರೆ ಧಾತುಗಳೆಂದು ಭಾಷಾಶಾಸ್ತ್ರಜ್ಞರ ಮತ. ಗೂಡಿನಲ್ಲಿ ಕುಳಿತ ಕೋಳಿಯ ಮಟ್ಟಿಗೆ ಎರಡೂ ಒಂದೇ ಕೆಲಸ.

ಕಾವಿಗಿಡುವ ಮೊಟ್ಟೆಗಳು ವಾರದೊಳಗಿನವಾಗಿರಬೇಕೆಂದೂ ತೀರ ದೊಡ್ಡವು, ಓರೆಯಾದವು, ಬಿರುಕು ಬಿಟ್ಟವು ಆಗದೆಂದೂ ಆಕೆ ಹೇಳಿದಳು. ನಮ್ಮ ಕರಾವಳಿಯ ಸೆಕೆಯಲ್ಲಿ ಮೊಟ್ಟೆಯೊಳಗಿನ ಭ್ರೂಣವು ಕಾವಿಲ್ಲದೆಯೂ ತುಸು ಎಚ್ಚತ್ತು ಕೆಡುವುದುಂಟು. ಆದುದರಿಂದ ಒದ್ದೆ ಮರಳಿನ ಮೇಲಿಟ್ಟ ಮಣ್ಣಿನ ಪಾತ್ರೆಯಲ್ಲಿ, ಚೂಪಾದ ತುದಿ ಕೆಳಗಾಗಿ ಇಡತಕ್ಕದ್ದು. ಒಂದು ಕೋಳಿಯ ಮೈಯಡಿಗೆ ಹತ್ತು ಹನ್ನೆರಡು ಮೊಟ್ಟೆಗಳು ಸಾಕು. ಅಂಚಿಗೆ ಸರಿದ ಮೊಟ್ಟೆಗೆ ಕಾವು ತಾಗದು, ಕೋಳಿಯು ಅವನ್ನು ಸರದಿಯಂತೆ ಹೊರಳಿಸುವುದರಿಂದ ಹೆಚ್ಚಾದಷ್ಟೂ ಎಲ್ಲವೂ ಕೆಡುವ ಭಯ. ಬುಟ್ಟಿಯ ತಳಕ್ಕೆ ಬೂದಿ ಬೆರೆಸಿದ ಮರಳು, ಮೇಲೆ ಬೈಹುಲ್ಲು, ಹೇನು ಬಾರದಂತೆ ಕಹಿಬೇವಿನ ಎಲೆ. ರಾತ್ರಿಯ ಹೊತ್ತು ಕೋಳಿಯನ್ನು ಮೆಲ್ಲನೆ ಎತ್ತಿ ಕುಳ್ಳಿರಿಸಿದರೆ ಅದು ಹೊಸ ಗೂಡನ್ನೊಪ್ಪುತ್ತದೆ. ದಿನಕ್ಕೊಮ್ಮೆ ಕಾಲುಗಂಟೆ ಎದ್ದು ಕಾಳು ತಿಂದು ನೀರು ಕುಡಿದು ಬರುವುದು ಕೋಳಿಯ ಧರ್ಮ; ಏಳದಿದ್ದರೆ ನಾವೇ ಎಬ್ಬಿಸಬೇಕು.

ಏಳನೆಯ ದಿನ ಮುಸ್ಸಂಜೆ ಮೊಟ್ಟೆಯನ್ನು ದೀಪಕ್ಕೆ ಹಿಡಿದು ನೋಡುವ ಪದ್ಧತಿಯುಂಟು. ಜೀವವಿದ್ದ ಮೊಟ್ಟೆಯಲ್ಲಿ ಜೇಡನ ಕಾಲುಗಳಂತೆ ಕೆಂಪು ನಾಳಗಳು ಹಬ್ಬಿ ಕಾಣುತ್ತವೆ, ಬರಿದಾದುದು ತಿಳಿಯಾಗಿರುತ್ತದೆ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಅರಿಸ್ಟಾಟಲನು ಕಾವಿನ ಮೊಟ್ಟೆಗಳನ್ನು ಬೇರೆ ಬೇರೆ ದಿನಗಳಲ್ಲಿ ಒಡೆದು ನೋಡಿ, ಮೂರು ದಿನ ಕಳೆದಾಗ ಮಿಡಿಯುವ ರಕ್ತಬಿಂದುವಾಗಿ ಹೃದಯವು ತೋರುವುದನ್ನು ಬರೆದಿಟ್ಟನು. ನಮ್ಮ ಹೆಂಗಸರು ಒಡೆಯದೆಯೇ ಕಂಡಿದ್ದರು, ಬರೆಯಲಿಲ್ಲವಷ್ಟೆ. ಇಪ್ಪತ್ತೊಂದನೆಯ ದಿನ ಮರಿಗಳು ಒಡೆದು ಬರುತ್ತವೆ. ಬೇರೆ ಬೇರೆ ದಿನ ಇಟ್ಟ ಮೊಟ್ಟೆಗಳಾದರೂ ಕಾವು ಒಂದೇ ದಿನ ತೊಡಗಿದುದರಿಂದ ಮರಿಗಳೆಲ್ಲ ಹೆಚ್ಚುಕಡಮೆ ಒಟ್ಟಿಗೇ ಬರುವುವು. ಮೊದಲು ಬಂದ ಮರಿಯು ಹೊಟ್ಟೆಯೊಳಗೆ ಉಳಿದ ಹಳದಿಯ ಬಲದಿಂದ ಎರಡು ದಿನ ಆಹಾರವಿಲ್ಲದೆ ಇರಬಲ್ಲುದು. ಆದುದರಿಂದ ಒಡೆಯುವ ದಿನ ಕೈಹಾಕಿ ಚಿಪ್ಪು ಬಿಡಿಸತಕ್ಕದ್ದಲ್ಲ.

ಇದರ ನಡುವೆ ಆಕೆ ಇನ್ನೊಂದು ಮಾತು ಹೇಳಿದಳು: ಗುಡುಗಿಗೆ ಮೊಟ್ಟೆ ಕೆಡದಂತೆ ಬುಟ್ಟಿಯಲ್ಲೊಂದು ಕಬ್ಬಿಣದ ತುಂಡನ್ನಿಡಬೇಕು, ಮೊಟ್ಟೆಗಳ ಲೆಕ್ಕ ಬೆಸವಾಗಿರಬೇಕು. ಪಶುವೈದ್ಯರು ನಕ್ಕರು. ನಾನಾದರೋ ಬೆರಗಾದೆನು. ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ಕೃಷಿಯ ವಿಷಯವಾಗಿ ಲ್ಯಾಟಿನಿನಲ್ಲಿ ಬರೆದ ಕೊಲುಮೆಲ್ಲನು, ಬೆಸಸಂಖ್ಯೆಯ ಮೊಟ್ಟೆಗಳನ್ನಿಡಬೇಕೆಂದೂ, ಗುಡುಗಿನ ದೋಷಕ್ಕೆ ಗೂಡಿನ ಹುಲ್ಲಿನಡಿಯಲ್ಲಿ ಜನರು ಕಬ್ಬಿಣದ ಮೊಳೆಗಳನ್ನಿಡುವರೆಂದೂ ಹೇಳಿದ್ದಾನೆ. ಮೆಣಸಿಗಾಗಿ ರೋಮಿನ ಹಡಗುಗಳು ಪಶ್ಚಿಮಸಮುದ್ರದ ತೀರಕ್ಕೆ ಬರುತ್ತಿದ್ದ ಕಾಲವೇ ಅದಾದರೂ, ನಂಬಿಕೆಯು ಹಡಗಿನಲ್ಲಿ ಬಂದಿತೆಂದೋ ಇಲ್ಲಿಂದ ಹೋಯಿತೆಂದೋ ಹೇಳುವುದು ಸಾಹಸವಾದೀತು. ಗುಡುಗಿಗೆ ಬೆದರುವ ತಾಯ್ತನವು ಎಲ್ಲ ದೇಶಗಳಲ್ಲಿಯೂ ಕೈಗೆ ಸಿಕ್ಕ ಗಟ್ಟಿವಸ್ತುವನ್ನೇ ಹಿಡಿದುಕೊಳ್ಳುತ್ತದೆ ಎಂದುಕೊಂಡರೆ ಸಾಕು. ಆದರೆ ಒಂದು ವ್ಯತ್ಯಾಸವನ್ನು ಮರೆಯಲಾಗದು. ರೋಮಿನ ರೈತನ ಮಾತು ಗ್ರಂಥಸ್ಥವಾಗಿ ಎರಡು ಸಾವಿರ ವರ್ಷ ಉಳಿಯಿತು. ನಮ್ಮ ವೃದ್ಧೆಯ ಮಾತು ಆಕೆಯ ಉಸಿರಿರುವವರೆಗೆ ಮಾತ್ರ.

ಮರಿಗಳನ್ನು ಒಡೆಯಿಸುವುದಕ್ಕಿಂತ ಉಳಿಸಿಕೊಳ್ಳುವುದು ಕಷ್ಟ. ಗಿಡುಗ, ಮುಂಗುಸಿ, ಕೇರೆಹಾವುಗಳ ಭಯ ಒಂದು ಕಡೆ. ರೋಗದ ಭಯ ಇನ್ನೊಂದು ಕಡೆ. ಕೊಕ್ಕರೆರೋಗವೆಂದು ನಮ್ಮ ಜನರು ಕರೆಯುವ ಮಾರಿಯು ಒಂದೆರಡು ವಾರಗಳಲ್ಲಿ ಕೇರಿಯ ಕೋಳಿಗಳನ್ನೆಲ್ಲ ಒರೆಸಿಬಿಡುತ್ತದೆ. ೧೯೨೬ರಲ್ಲಿ ಜಾವಾದ್ವೀಪದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲಿನಲ್ಲಿಯೂ ಇದನ್ನು ವಿಜ್ಞಾನಿಗಳು ಗುರುತಿಸಿದರು. ಸ್ವಲ್ಪಕಾಲದಲ್ಲೇ ಹಿಮಾಲಯದ ರಾಣಿಖೇತದಲ್ಲಿ ಕಂಡುದರಿಂದ ಭಾರತದಲ್ಲಿ ರಾಣಿಖೇತ ರೋಗವೆಂದು ಹೆಸರಾಯಿತು. ಮುಕ್ತೇಶ್ವರದ ಪಶುವೈದ್ಯಸಂಶೋಧನಾಲಯದಲ್ಲಿ ೧೯೪೦ರ ದಶಕದಲ್ಲಿ ಇದಕ್ಕೆ ಲಸಿಕೆ ಸಿದ್ಧವಾಯಿತು. ಈಗ ಮೊದಲನೆಯ ವಾರದಲ್ಲಿ ಮರಿಯ ಕಣ್ಣಿಗೋ ಮೂಗಿಗೋ ಒಂದು ಹನಿಯನ್ನೂ, ಎಂಟನೆಯ ವಾರದ ಸುಮಾರಿಗೆ ಸೂಜಿಮದ್ದನ್ನೂ ಹಾಕಿಸುವುದು ಕ್ರಮ. ರೋಗ ಬಂದ ಮೇಲೆ ಮದ್ದಿಲ್ಲ. ಲಸಿಕೆಯ ಒಂದು ಸೀಸೆಯಲ್ಲಿ ನೂರಾರು ಕೋಳಿಗಳಿಗಾಗುವಷ್ಟು ಇರುತ್ತದೆ, ಕಲಸಿದ ಮೇಲೆ ಕೆಲವು ಗಂಟೆಗಳಲ್ಲಿ ಅದು ಕೆಡುತ್ತದೆ. ಹತ್ತು ಕೋಳಿ ಸಾಕುವ ಮನೆಗೆ ಇದು ಒದಗದಿರುವುದಕ್ಕೆ ಇದೇ ಮುಖ್ಯ ಕಾರಣ. ಕೇರಿಯ ಹತ್ತಿಪ್ಪತ್ತು ಮನೆಗಳವರು ಒಂದು ದಿನವನ್ನು ಗೊತ್ತುಮಾಡಿ ಒಟ್ಟಾಗಿ ಹಾಕಿಸಿಕೊಂಡರೆ ತೊಡಕು ಪರಿಹಾರವಾಗುವುದು.

ಮಳೆಗಾಲದಲ್ಲಿ ಒದ್ದೆನೆಲದಿಂದ ರಕ್ತಭೇದಿಯೂ, ಸೊಳ್ಳೆಗಳಿಂದ ಕೋಳಿಯ ಸಿಡುಬೂ ಹರಡುತ್ತವೆ. ದೀಪಾವಳಿಯ ಬಳಿಕ ಕುಳ್ಳಿರಿಸಿ ಸುಗ್ಗಿಯೊಳಗೆ ಮರಿಗಳನ್ನು ಬಲಿಸಿಕೊಳ್ಳಬೇಕು, ಆಟಿಯ ಮಳೆಯಲ್ಲಿ ಕುಳ್ಳಿರಿಸಬಾರದು ಎಂದು ಆ ವೃದ್ಧೆ ಹೇಳಿದುದರಲ್ಲಿ ಈ ವೈದ್ಯವೆಲ್ಲ ಅಡಗಿತ್ತು. ಹೊರಗಿನಿಂದ ತಂದ ಕೋಳಿಯನ್ನು ಎರಡು ಮೂರು ವಾರ ಪ್ರತ್ಯೇಕವಾಗಿ ಕಟ್ಟುವುದು, ಸತ್ತುದನ್ನು ತೋಟಕ್ಕೆಸೆಯದೆ ಸುಣ್ಣಹಾಕಿ ಹುಗಿಯುವುದು, ಗೂಡಿನ ನೆಲವನ್ನು ಒಣಗಿಸಿಡುವುದು ಎಂಬಿವು ಎಲ್ಲರೂ ಮಾಡಬಹುದಾದುವು. ಮರಿಗಳಿಗೆ ನುಚ್ಚಿನೊಡನೆ ತೌಡನ್ನೂ ಗೆದ್ದಲನ್ನೂ ಆಕೆ ಹಾಕುತ್ತಿದ್ದಳು. ಜಾವಾದಲ್ಲಿ ಐಕ್‌ಮನ್ ಎಂಬ ಡಚ್ಚು ವೈದ್ಯನು ೧೮೯೦ರ ದಶಕದಲ್ಲಿ, ತಳಿಸಿದ ಬಿಳಿಯನ್ನವನ್ನೇ ತಿಂದ ಕೋಳಿಗಳು ಕಾಲು ಸೋತು ಬೀಳುವುದನ್ನೂ ತೌಡು ಕೊಟ್ಟರೆ ಚೇತರಿಸುವುದನ್ನೂ ಕಂಡನು. ಜೀವಸತ್ತ್ವಗಳ ಶಾಸ್ತ್ರಕ್ಕೆ ಅದೇ ನಾಂದಿ, ೧೯೨೯ರಲ್ಲಿ ಅವನಿಗೆ ನೊಬೆಲ್ ಬಹುಮಾನವೂ ಬಂದಿತು. ಅದಕ್ಕೂ ಮೊದಲು ಫ್ರಾನ್ಸಿನ ಪಾಶ್ಚರನು ೧೮೭೯-೮೦ರಲ್ಲಿ ಕೋಳಿಯ ಕಾಲರಾದ ರೋಗಾಣುಗಳನ್ನು ದುರ್ಬಲಗೊಳಿಸಿ ಲಸಿಕೆ ಮಾಡುವ ಮಾರ್ಗವನ್ನು ಕಂಡುಹಿಡಿದಿದ್ದನು. ಮನುಷ್ಯರ ವೈದ್ಯವೂ ಈ ಹಕ್ಕಿಗೆ ಬಹಳ ಋಣಿ.

ಈಗ ಅರ್ಧಕುಕ್ಕುಟೀ ನ್ಯಾಯಕ್ಕೆ ಬರುತ್ತೇನೆ. ಕೋಳಿಯಿಲ್ಲದೆ ಮೊಟ್ಟೆಯೊಡೆಯಿಸುವ ಆಸೆ ಹೊಸತಲ್ಲ. ಐಗುಪ್ತದೇಶದವರು ಬೆಚ್ಚನೆಯ ಗೊಬ್ಬರದಲ್ಲಿ ಮೊಟ್ಟೆಗಳನ್ನಿಟ್ಟು ಮರಿಮಾಡುವರೆಂದು ಅರಿಸ್ಟಾಟಲನೇ ಬರೆದಿದ್ದಾನೆ. ಮುಂದೆ ಅವರ ಒಲೆಮನೆಗಳು ಪ್ರಸಿದ್ಧವಾದುವು. ೧೭೪೯ರಲ್ಲಿ ಫ್ರಾನ್ಸಿನ ರೋಮೂರನು ಆ ವಿದ್ಯೆಯ ಮೇಲೆ ದೊಡ್ಡ ಗ್ರಂಥವನ್ನೇ ರಚಿಸಿದನು. ಯಂತ್ರದ ಕಾವು ಸಿದ್ಧಿಸಿದ ಮೇಲೆ ಕೋಳಿಯ ಕಾವು ವ್ಯಾಪಾರಿಗೆ ನಷ್ಟವಾಗಿ ಕಂಡಿತು. ಕಾವಿಗೆ ಕುಳಿತ ದಿನಗಳಲ್ಲಿ ಹೇಂಟೆ ಮೊಟ್ಟೆಯಿಡದು. ಆದುದರಿಂದ ಕಾವಿಗೆ ಕೂರದವನ್ನೇ ಆರಿಸಿ ಆರಿಸಿ ವಂಶ ಬೆಳೆಸಿದರು. ಇಟಲಿಯ ಮೂಲದ ಬಿಳಿ ಲೆಗಾರನ್ ತಳಿಯಲ್ಲಿ ಆ ಗುಣ ಬಹುಮಟ್ಟಿಗೆ ಅಳಿದಿದೆ. ವರ್ಷಕ್ಕೆ ಮುನ್ನೂರರ ಸಮೀಪ ಮೊಟ್ಟೆಯಿಡುವ ಅದು ಒಂದು ಮರಿಯನ್ನೂ ತಾನಾಗಿ ಒಡೆಯಿಸಲಾರದು. ನಮ್ಮ ಊರಕೋಳಿಯು ಅರುವತ್ತೋ ಎಪ್ಪತ್ತೋ ಇಡುತ್ತದೆ, ಆದರೆ ತನ್ನ ಸಂತಾನವನ್ನು ತಾನೇ ಬೆಳೆಯಿಸುತ್ತದೆ. ಶಾಸ್ತ್ರಕಾರರು ಅಸಾಧ್ಯವೆಂದು ಹಾಸ್ಯಮಾಡಿದ ಕೋಳಿಯ ವಿಭಾಗವನ್ನು ನಮ್ಮ ಕಾಲವು ಸಾಧಿಸಿದೆ: ಮೊಟ್ಟೆಯನ್ನಿಟ್ಟುಕೊಂಡು ತಾಯಿಯನ್ನು ಬಿಟ್ಟಿದೆ.

ಇದರಿಂದಾದ ಉಪಕಾರವನ್ನು ಅಲ್ಲಗಳೆಯುವುದು ಉಪಾಧ್ಯಾಯನಾಗಿದ್ದವನಿಗೆ ತರವಲ್ಲ. ೨೦೨೨ರಿಂದ ನಮ್ಮ ರಾಜ್ಯದ ಎಲ್ಲ ಜಿಲ್ಲೆಗಳ ಸರಕಾರೀ ಶಾಲೆಗಳಲ್ಲಿಯೂ ಮಧ್ಯಾಹ್ನದ ಊಟದೊಡನೆ ಮಕ್ಕಳಿಗೆ ಮೊಟ್ಟೆಯೋ, ತಿನ್ನದವರಿಗೆ ಬಾಳೆಹಣ್ಣೋ ದೊರೆ­ಯುವ ಏರ್ಪಾಡಾಯಿತು. ಹಸಿದು ಕುಳಿತ ಮಕ್ಕಳಿಗೆ ಪಾಠ ಹೇಳಿದವನಿಗೆ ಅದರ ಬೆಲೆ ಗೊತ್ತು; ಅಷ್ಟು ಮೊಟ್ಟೆಗಳನ್ನು ಊರಕೋಳಿಗಳು ಒದಗಿಸಲಾರವು. ಆದರೂ ಎಲ್ಲವನ್ನೂ ಒಂದೇ ಬುಟ್ಟಿಯಲ್ಲಿಡುವುದು ಕ್ಷೇಮವಲ್ಲ. ೨೦೧೨ರಲ್ಲಿ ಬೆಂಗಳೂರಿನ ಸಮೀಪದ ಹೆಸರಘಟ್ಟದ ಕೋಳಿಸಾಕಣೆಯ ಕೇಂದ್ರದಲ್ಲಿ ಹಕ್ಕಿಜ್ವರ ಕಾಣಿಸಿದಾಗ ಅಲ್ಲಿಯ ಹಕ್ಕಿಗಳನ್ನೆಲ್ಲ ನಾಶಪಡಿಸಬೇಕಾಯಿತು. ಹಳ್ಳಿಹಳ್ಳಿಯಲ್ಲಿ ಚದರಿದ ಸಣ್ಣ ಹಿಂಡುಗಳಲ್ಲಿ, ಯಂತ್ರವನ್ನೂ ವಿದ್ಯುತ್ತನ್ನೂ ಬೇಡದೆ ತಾವೇ ವಂಶ ನಡೆಯಿಸುವ ಕೋಳಿಗಳು ಉಳಿದಿರಬೇಕಾದುದು ಆ ಕಾರಣಕ್ಕಾಗಿಯಾದರೂ ಅಗತ್ಯ.

ಇನ್ನೊಂದು ಕಾರಣವೂ ಉಂಟು. ಹೊಲದ ಬೆಳೆ ಯಜಮಾನನದು, ಹಾಲಿನ ಹಣ ಮನೆಯದು. ಮೊಟ್ಟೆಯ ಕಾಸು ಮಾತ್ರ ತನ್ನದಾಗಿತ್ತೆಂದು ಆ ವೃದ್ಧೆ ಹೇಳಿದಳು. ಹೇಂಟೆಯೊಂದನ್ನು ಬಡ ನೆರೆಯವಳಿಗೆ ಪಾಲಿಗೆ ಬಿಟ್ಟು ಮರಿಗಳನ್ನು ಸಮವಾಗಿ ಹಂಚಿಕೊಳ್ಳುತ್ತಿದ್ದಳಂತೆ. ೧೯೨೫ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯು ೧೯೨೮ರಲ್ಲಿ ಆರಂಭಿಸಿದ ಪಿಗ್ಮಿಠೇವಣಿಯಲ್ಲಿ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಸ್ವೀಕರಿಸುತ್ತಿದ್ದರಷ್ಟೆ. ತನ್ನ ಮೊಟ್ಟೆಯ ಕಾಸೂ ಪಿಗ್ಮಿಗೆ ಹೋಗಿ, ಮಗಳ ಶಾಲೆಯ ಪುಸ್ತಕಗಳಾಗಿ ಹಿಂದೆ ಬಂದಿತೆಂದು ಆಕೆ ನಗುತ್ತ ಹೇಳಿದಳು. ಹೀಗೆ ಕಾವಿನ ಇಪ್ಪತ್ತೊಂದು ದಿನಗಳಲ್ಲಿ ಮನೆಯ ಹೆಂಗಸಿನ ಸ್ವಾತಂತ್ರ್ಯದ ಒಂದು ಪಾಲೂ ಅಡಗಿದ್ದಿತು.

ಶಿಷ್ಯೆಯು ಹನ್ನೊಂದು ಮೊಟ್ಟೆಗಳನ್ನಿಟ್ಟಳು, ಕಬ್ಬಿಣದ ಒಂದು ಮೊಳೆಯನ್ನೂ ಇಟ್ಟಳು. ದೀಪಕ್ಕೆ ಹಿಡಿದಾಗ ಎರಡು ಬರಿದಾಗಿದ್ದುವು. ಇಪ್ಪತ್ತೊಂದನೆಯ ದಿನ ಎಂಟು ಮರಿಗಳಾದುವು, ಎರಡನ್ನು ಮುಂಗುಸಿ ಒಯ್ದಿತು, ಆರು ಉಳಿದುವು. ಸುದ್ದಿ ತಿಳಿಸಲು ಬಂದವಳು, “ಅಮ್ಮನೂ ಮೊಳೆ ಇಡುತ್ತಿದ್ದಳು, ಈಗ ನೆನಪಾಯಿತು” ಎಂದಳು.

ನಮ್ಮ ಬಾಲ್ಯದ ನೆರೆಮನೆಯಲ್ಲಿಯೂ ಇಂಥ ಒಬ್ಬ ತಾಯಿ ಇದ್ದಳು. ಬೇಲಿಯ ಈಚೆ ನಾನು ಅಮರಕೋಶವನ್ನು ಬಾಯಿಪಾಠ ಮಾಡುತ್ತ ಅವಳ ಕೋಳಿಗಳನ್ನಟ್ಟುತ್ತಿದ್ದೆನು; ಒಂದು ದಿನವೂ ಏನನ್ನೂ ಕೇಳಲಿಲ್ಲ. ಅವಳೀಗ ಇಲ್ಲ. ವಾಚಕರ ಮನೆಗಳಲ್ಲಿ, ನೆರೆಕರೆಯಲ್ಲಿ, ಇಂತಹ ವಿದ್ಯೆಯನ್ನು ಬಲ್ಲ ಹಿರಿಯರು ಇನ್ನೂ ಇರಬಹುದು. ಒಂದು ಮಧ್ಯಾಹ್ನ ಅವರ ಬಳಿ ಕುಳಿತು, ಅವರು ಹೇಳಿದುದನ್ನು ಅವರ ಮಾತಿನಲ್ಲಿಯೇ ಬರೆದಿಟ್ಟರೆ, ಮುಂದೆ ಕೇಳುವವರಿಗೆ ಉತ್ತರ ಹೇಳಲು ಒಂದು ಪುಟವಾದರೂ ಇದ್ದೀತು.